ಬರ್ಲಿನ್ ನಗರದ ಹೊಸ್ತಿಲ ಹೆಸರುಗಳು

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು, ಮಕ್ಕಳಿಗೆ ಆ ವಿಷಯವನ್ನೇ ನಾಲ್ಕು ಮಾತು ಹೇಳಲಿ ಎಂದು ಸಮಿತಿಯವರು ಕೇಳಿದ್ದರು. ಅದನ್ನು ಮಧ್ಯಾಹ್ನ ಮಕ್ಕಳ ಜೊತೆ ಬೇರೆಯಾಗಿ ಕೂತು ಮಾತಾಡುತ್ತೇನೆ. ಈಗ ಸಿಕ್ಕಿರುವ ಅರ್ಧ ಗಂಟೆಯಲ್ಲಿ, ಎರಡು ವರ್ಷದ ಹಿಂದೆ ನಾನು ಮತ್ತು ನನ್ನ ಹೆಂಡತಿ ಆರು ದಿನ ಸುತ್ತಿ ಬಂದ ಒಂದು ಊರಿನ ಸಂಗತಿ ಹೇಳುತ್ತೇನೆ. ಜರ್ಮನಿಯ ರಾಜಧಾನಿ ಬರ್ಲಿನ್. ಕೊನೆಯಲ್ಲಿ ನಮ್ಮ ಶಾಲೆಗೆ ಸಂಬಂಧಪಟ್ಟ ಒಂದು ಕೋರಿಕೆ ಇದೆ. ಅದು ನನ್ನ ತಲೆಗೆ ಬಂದದ್ದೇ ಆ ಊರಿನ ಬೀದಿಯಲ್ಲಿ, ಹಾಗಾಗಿ ಬರ್ಲಿನ್ ದಾರಿ ಹಿಡಿದೇ ಅಲ್ಲಿಗೆ ಬರಬೇಕು.

ಯುರೋಪ್ ಅಂದರೆ ಜನ ಪ್ಯಾರಿಸ್, ಲಂಡನ್ ಅನ್ನುತ್ತಾರೆ. ನಾವು ಬರ್ಲಿನ್ ಆರಿಸಿಕೊಂಡದ್ದಕ್ಕೆ ಈ ಶಾಲೆಯೇ ಕಾರಣ. ನಾವು ಓದುವಾಗ ಸಮಾಜ ಪಾಠದ ಕೊಠಡಿಯಲ್ಲಿ ಒಂದು ದೊಡ್ಡ ಬಟ್ಟೆಯ ಭೂಪಟ ಇತ್ತು. ಶಾಲೆ ಶುರುವಾದ ಕಾಲದಲ್ಲಿ ಬಂದದ್ದು, ಅಂಚಿಗೆಲ್ಲ ಮಳೆಗಾಲದ ಬೂಷ್ಟು ಹಿಡಿದಿತ್ತು. ಅದರಲ್ಲಿ ಜರ್ಮನಿ ಎರಡಿತ್ತು, ಪೂರ್ವ ಒಂದು ಬಣ್ಣ, ಪಶ್ಚಿಮ ಒಂದು ಬಣ್ಣ. ಆ ಹೊತ್ತಿಗೆ ಎರಡೂ ಸೇರಿ ಹತ್ತು ವರ್ಷದ ಮೇಲಾಗಿತ್ತು. ನಮ್ಮ ಸಮಾಜದ ಮೇಷ್ಟ್ರು ಬೆತ್ತದ ತುದಿಯಿಂದ ಆ ಗೆರೆ ತೋರಿಸಿ, “ಈ ಗೆರೆ ಈಗ ಇಲ್ಲ. ಹೊಸ ನಕ್ಷೆ ಬರುವ ತನಕ ನೀವೇ ಮನಸ್ಸಿನಲ್ಲಿ ಅಳಿಸಿಕೊಳ್ಳಿ” ಎನ್ನುತ್ತಿದ್ದರು. ಇರುವ ಗೆರೆಯನ್ನು ಇಲ್ಲ ಅಂದುಕೊಳ್ಳುವುದು ಹೇಗೆ ಎಂದು ನಮಗೆ ನಗು ಬರುತ್ತಿತ್ತು. ಆ ಗೆರೆ ನೆಲದ ಮೇಲೆ ಎಲ್ಲಿತ್ತು ಎಂದು ನೋಡುವ ಆಸೆ ಅಂದಿನದು.

ಮೊದಲು ಹೋಗುವ ಬಗೆ ಹೇಳಿಬಿಡುತ್ತೇನೆ, ಮಕ್ಕಳಿಗೆ ಮುಂದೆ ಉಪಯೋಗಕ್ಕೆ ಬರಬಹುದು. ಜರ್ಮನಿಗೆ ಹೋಗಲು ಷೆಂಗೆನ್ ವೀಸಾ ಬೇಕು. ಅದು ಸಿಕ್ಕರೆ ಯುರೋಪಿನ ಇಪ್ಪತ್ತಕ್ಕೂ ಹೆಚ್ಚು ದೇಶಗಳಿಗೆ ಅದೇ ಸಾಕು. ಬೆರಳಚ್ಚು ಕೊಡಬೇಕು. ಸಂಬಳದ ಚೀಟಿ, ಬ್ಯಾಂಕ್ ಖಾತೆಯ ವಿವರ, ಕಚೇರಿಯ ರಜೆ ಪತ್ರ, ಉಳಿಯುವ ಜಾಗದ ದಾಖಲೆ, ಜೊತೆಗೆ ಕನಿಷ್ಠ 30,000 ಯೂರೋ ಚಿಕಿತ್ಸಾ ವೆಚ್ಚ ಭರಿಸುವ ವಿಮೆ ಇಷ್ಟನ್ನೂ ಒದಗಿಸಬೇಕು. ಹೋಗುವವನು ಖಂಡಿತ ವಾಪಸ್ ಬರುತ್ತಾನೆ ಎಂದು ಅವರಿಗೆ ನಂಬಿಕೆ ಬರಬೇಕು, ಅದಕ್ಕೇ ಇಷ್ಟೆಲ್ಲ ಕಾಗದ. ನಾವು ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ರೈಲಿನಲ್ಲಿ ಬರ್ಲಿನ್ ಸೇರಿದೆವು.

ಊರೊಳಗೆ ಓಡಾಡಲು ನೆಲದಡಿಯ ರೈಲು, ನೆಲದ ಮೇಲಿನ ರೈಲು, ಟ್ರಾಮ್, ಬಸ್ಸು ಎಲ್ಲಕ್ಕೂ ಒಂದೇ ಟಿಕೆಟ್. ನಮ್ಮ ಮೆಟ್ರೋದಲ್ಲಿರುವ ಹಾಗೆ ಟಿಕೆಟ್ ತೋರಿಸಿದರೆ ತೆರೆಯುವ ಗೇಟು ಅಲ್ಲಿ ಇಲ್ಲ. ಟಿಕೆಟ್ ಕೊಂಡು, ಪ್ಲಾಟ್‌ಫಾರಂ ಮೇಲಿನ ಯಂತ್ರದಲ್ಲಿ ತೂರಿಸಿ ದಿನಾಂಕದ ಮುದ್ರೆ ಹಾಕಿಸಿಕೊಂಡು ನಾವೇ ಹತ್ತಬೇಕು. ಯಾರೂ ತಡೆಯುವುದಿಲ್ಲ. ಆದರೆ ಸಾದಾ ಬಟ್ಟೆಯಲ್ಲಿ ತನಿಖೆಯವರು ಯಾವಾಗ ಬೇಕಾದರೂ ಬರಬಹುದು. ಟಿಕೆಟ್ ಇಲ್ಲದಿದ್ದರೆ 60 ಯೂರೋ ದಂಡ. ನಂಬಿಕೆ ಮತ್ತು ಹೆದರಿಕೆ ಎರಡನ್ನೂ ಹದವಾಗಿ ಬೆರೆಸಿ ನಡೆಸುವ ವ್ಯವಸ್ಥೆ.

ಇನ್ನೊಂದು ನನಗೆ ಹಿಡಿಸಿದ್ದು ಖಾಲಿ ಬಾಟಲಿಯ ವಿಷಯ. ಪ್ಲಾಸ್ಟಿಕ್ ಬಾಟಲಿಯ ನೀರು ಕೊಂಡರೆ ಬೆಲೆಯ ಜೊತೆ 25 ಸೆಂಟ್ ಠೇವಣಿ ಕೊಡಬೇಕು. ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ಆ ದುಡ್ಡು ವಾಪಸ್. ತಾವೇ ಹಿಂದಿರುಗಿಸಲು ಬಿಡುವಿಲ್ಲದವರು ಬಾಟಲಿಯನ್ನು ಕಸದ ಡಬ್ಬಿಯ ಒಳಗೆ ಎಸೆಯದೆ ಪಕ್ಕದಲ್ಲಿ ನಿಲ್ಲಿಸಿ ಹೋಗುತ್ತಾರೆ. ಆರಿಸಿಕೊಂಡು ಬದುಕುವವರು ಕಸಕ್ಕೆ ಕೈ ಹಾಕುವಂತಾಗಬಾರದು ಎಂದು. ಹೌದು, ಅಲ್ಲೂ ಬಾಟಲಿ ಆರಿಸುವ ವಯಸ್ಸಾದವರು, ಸೇತುವೆ ಕೆಳಗೆ ಮಲಗುವವರು ಇದ್ದಾರೆ. ರೈಲು ತಡವಾಗುತ್ತದೆ. ಕೆಲಸವೂ ತಡವಾಗುತ್ತದೆ. 2012ರಲ್ಲಿ ತೆರೆಯಬೇಕಿದ್ದ ಅವರ ಹೊಸ ವಿಮಾನ ನಿಲ್ದಾಣ ತೆರೆದದ್ದು 2020ರ ಅಕ್ಟೋಬರಿನಲ್ಲಿ. ಬೆಂಕಿ ನಂದಿಸುವ, ಹೊಗೆ ಹೊರಹಾಕುವ ವ್ಯವಸ್ಥೆಯ ದೋಷಗಳು ಅದಕ್ಕೊಂದು ದೊಡ್ಡ ಕಾರಣ. ಹೇಳಿದ ದಿನಕ್ಕೆ ಕೆಲಸ ಮುಗಿಯದಿರುವುದು ನಮ್ಮ ಸಾಫ್ಟ್‌ವೇರ್ ಜಗತ್ತಿನಲ್ಲಿ ಮಾತ್ರ ಅಲ್ಲ ಎಂದು ನನಗೆ ಸ್ವಲ್ಪ ಸಮಾಧಾನವಾಯಿತು. ಊಟದ ಚಿಂತೆ ಬೇಡ. ಟರ್ಕಿ, ಅರಬ್ ದೇಶಗಳಿಂದ ಬಂದು ನೆಲೆಸಿದವರ ಅಂಗಡಿಗಳು ಬೀದಿಗೊಂದಿವೆ. ಕಡಲೆ ರುಬ್ಬಿ ಕರಿದ ವಡೆಯಂಥ ಫಲಾಫೆಲನ್ನು ರೊಟ್ಟಿಯಲ್ಲಿ ಇಟ್ಟು ಕೊಡುತ್ತಾರೆ. ಸಸ್ಯಾಹಾರಿಗಳು ಅದರ ಮೇಲೆ ಆರು ದಿನ ಆರಾಮವಾಗಿ ಕಳೆಯಬಹುದು.

ನೋಡುವ ಜಾಗಗಳಿಗೆ ಬರುತ್ತೇನೆ. ಊರ ನಡುವೆ ಬ್ರಾಂಡೆನ್‌ಬರ್ಗ್ ದ್ವಾರ ಇದೆ. 1791ರಲ್ಲಿ ಮುಗಿದದ್ದು. ಅದರ ನೆತ್ತಿಯಲ್ಲಿ ನಾಲ್ಕು ಕುದುರೆಯ ರಥ. ನೆಪೋಲಿಯನ್ 1806ರಲ್ಲಿ ಗೆದ್ದಾಗ ಆ ರಥವನ್ನೇ ಕಳಚಿ ಪ್ಯಾರಿಸ್‌ಗೆ ಒಯ್ದಿದ್ದ. ಅವನು ಸೋತ ಮೇಲೆ 1814ರಲ್ಲಿ ವಾಪಸ್ ಬಂತು. ಊರ ಮಧ್ಯದ ವಸ್ತುಸಂಗ್ರಹಾಲಯವೊಂದರಲ್ಲಿ ಈಜಿಪ್ಟಿನ ರಾಣಿ ನೆಫರ್ಟಿಟಿಯ ಬಣ್ಣದ ಮುಖಶಿಲ್ಪ ಇದೆ. 1912ರಲ್ಲಿ ಜರ್ಮನ್ ಸಂಶೋಧಕರು ಅಗೆದು ತೆಗೆದದ್ದು. ಈಜಿಪ್ಟಿನವರು ಇಂದಿಗೂ ಅದನ್ನು ವಾಪಸ್ ಕೇಳುತ್ತಿದ್ದಾರೆ. ಬೇರೆಯವರು ಒಯ್ದ ತಮ್ಮ ರಥ ವಾಪಸ್ ಬಂತು, ತಾವು ತಂದ ರಾಣಿ ಇನ್ನೂ ಹೋಗಿಲ್ಲ. ಪ್ರವಾಸದಲ್ಲಿ ಇಂಥವನ್ನೂ ಕಣ್ಣುಬಿಟ್ಟು ನೋಡಬೇಕು.

ದ್ವಾರದ ಪಕ್ಕದಲ್ಲೇ ಪಾರ್ಲಿಮೆಂಟ್ ಭವನ, ರೈಶ್‌ಸ್ಟಾಗ್. ಅದರ ಮೇಲೆ ಗಾಜಿನ ದೊಡ್ಡ ಗುಮ್ಮಟ. ಮೊದಲೇ ಹೆಸರು ನೋಂದಾಯಿಸಿ, ಪಾಸ್‌ಪೋರ್ಟ್ ತೋರಿಸಿದರೆ ಯಾರು ಬೇಕಾದರೂ ಪುಕ್ಕಟೆ ಹತ್ತಬಹುದು. ಒಳಗೆ ಸುರುಳಿಯಾಕಾರದ ಇಳಿಜಾರು ದಾರಿ. ಮೇಲೆ ನಿಂತು ಬಗ್ಗಿ ನೋಡಿದರೆ ಜನಪ್ರತಿನಿಧಿಗಳು ಕೂರುವ ಸಭಾಂಗಣ ಕಾಲಡಿಯಲ್ಲಿ ಕಾಣುತ್ತದೆ. ಆಳುವವರ ತಲೆಯ ಮೇಲೆ ಜನ ನಡೆದಾಡುತ್ತಿರಬೇಕು ಎಂಬುದು ಆ ಕಟ್ಟಡದ ಆಶಯ. ಇಂಗ್ಲೆಂಡಿನ ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್ ಅದನ್ನು ಮಾಡಿಕೊಟ್ಟದ್ದು, 1999ರಲ್ಲಿ ಮುಗಿಯಿತು. ದುರಸ್ತಿಯ ಹೊತ್ತಿಗೆ ಗೋಡೆಗಳಲ್ಲಿ 1945ರ ಸೋವಿಯತ್ ಸೈನಿಕರು ಗೀಚಿದ ಬರಹ ಸಿಕ್ಕಿತು. ಯುದ್ಧದಲ್ಲಿ ಗೆದ್ದು ಒಳನುಗ್ಗಿದವರು ಇದ್ದಿಲಿನಲ್ಲಿ, ಬಳಪದಲ್ಲಿ ತಮ್ಮ ಹೆಸರು, ತಮ್ಮ ಊರು ಬರೆದಿದ್ದರು. ಸುಣ್ಣ ಬಳಿದು ಮುಚ್ಚಬಹುದಿತ್ತು. ಒಂದಷ್ಟನ್ನು ಹಾಗೇ ಉಳಿಸಿಕೊಂಡಿದ್ದಾರೆ. ತಮ್ಮನ್ನು ಸೋಲಿಸಿದವರ ಕೈಬರಹವನ್ನು ತಮ್ಮ ಪಾರ್ಲಿಮೆಂಟಿನ ಗೋಡೆಯಲ್ಲಿ ಇಟ್ಟುಕೊಂಡಿರುವವರನ್ನು ನಾನು ಬೇರೆಲ್ಲೂ ನೋಡಿಲ್ಲ. ಈ ಊರು ಏನೋ ಬೇರೆ ಥರ ಇದೆ ಎಂದು ನನಗೆ ಅನ್ನಿಸಲು ಶುರುವಾದದ್ದು ಅಲ್ಲಿ.

ಮಾರನೆಯ ದಿನ ಭೂಪಟದ ಗೆರೆ ಹುಡುಕಿಕೊಂಡು ಹೋದೆವು. ಎರಡನೇ ಮಹಾಯುದ್ಧದ ನಂತರ ಜರ್ಮನಿ ಒಡೆಯಿತು, ಬರ್ಲಿನ್ ಕೂಡ ಒಡೆಯಿತು. ಪೂರ್ವದಿಂದ ಪಶ್ಚಿಮಕ್ಕೆ ಜನ ಹೋಗುವುದನ್ನು ತಡೆಯಲು ಪೂರ್ವ ಜರ್ಮನಿಯ ಸರ್ಕಾರ 1961ರ ಆಗಸ್ಟ್ 13ರ ರಾತ್ರಿ ಮುಳ್ಳುತಂತಿ ಎಳೆಯಿತು, ಆಮೇಲೆ ಕಾಂಕ್ರೀಟ್ ಗೋಡೆ ಕಟ್ಟಿತು. ಪಶ್ಚಿಮ ಬರ್ಲಿನ್ ಸುತ್ತ ಒಟ್ಟು ಸುಮಾರು 155 ಕಿಲೋಮೀಟರ್. ಬೆರ್ನೌಅರ್ ಎಂಬ ಬೀದಿಯ ಕಥೆ ಕೇಳಿ. ಅಲ್ಲಿ ಮನೆಗಳು ಪೂರ್ವಕ್ಕೆ ಸೇರಿದ್ದವು, ಮನೆ ಮುಂದಿನ ಕಾಲುದಾರಿ ಪಶ್ಚಿಮಕ್ಕೆ ಸೇರಿತ್ತು. ಹೊಸ್ತಿಲು ದಾಟಿದರೆ ಬೇರೆ ದೇಶ! ಬಾಗಿಲುಗಳಿಗೆ ಇಟ್ಟಿಗೆ ಕಟ್ಟಿ ಮುಚ್ಚಿದರು. ಜನ ಕಿಟಕಿಯಿಂದ ಹಾರಿದರು, ಕೆಳಗೆ ಪಶ್ಚಿಮದ ಅಗ್ನಿಶಾಮಕ ದಳದವರು ಬಲೆ ಹಿಡಿದು ನಿಂತಿರುತ್ತಿದ್ದರು. ಆಮೇಲೆ ಕಿಟಕಿಯನ್ನೂ ಮುಚ್ಚಿದರು. ಕೊನೆಗೆ ಮನೆಗಳನ್ನೇ ಕೆಡವಿದರು. ಗೋಡೆಯ ಬಳಿ ಪ್ರಾಣ ಕಳೆದುಕೊಂಡವರು ಕನಿಷ್ಠ 140 ಮಂದಿ. ಅವರ ಫೋಟೋಗಳನ್ನು ಕಿಟಕಿಯಂಥ ಚೌಕಟ್ಟುಗಳಲ್ಲಿ ಕೂರಿಸಿ ಅದೇ ಬೀದಿಯಲ್ಲಿ ನಿಲ್ಲಿಸಿದ್ದಾರೆ. ಗೋಡೆಯ ಎರಡು ಸಾಲಿನ ನಡುವೆ ಸಿಕ್ಕಿಕೊಂಡಿದ್ದ ಒಂದು ಚರ್ಚನ್ನು 1985ರಲ್ಲಿ ಸಿಡಿಸಿ ಉರುಳಿಸಿದ್ದರು. ಈಗ ಅದೇ ಜಾಗದಲ್ಲಿ ಚಿಕ್ಕ ಪ್ರಾರ್ಥನಾ ಮಂದಿರ ಇದೆ. ಅದರ ಗೋಡೆ ಮಣ್ಣಿನದು. ನಮ್ಮ ಅಜ್ಜಂದಿರು ಮಣ್ಣು ಹದಮಾಡಿ ತುಳಿದು ಗೋಡೆ ಹಾಕುತ್ತಿದ್ದರಲ್ಲ, ಹೆಚ್ಚುಕಡಿಮೆ ಹಾಗೆ ಮಣ್ಣನ್ನು ಪದರ ಪದರವಾಗಿ ಬಡಿದು ಏರಿಸಿದ್ದು. ಹಳೆಯ ಚರ್ಚಿನ ಒಡೆದ ಚೂರುಗಳನ್ನೂ ಆ ಮಣ್ಣಿಗೆ ಸೇರಿಸಿದ್ದಾರೆ. ಸುತ್ತಲಿನ ಜಾಗದಲ್ಲಿ ಈಗ ಧಾನ್ಯ ಬೆಳೆಯುತ್ತಾರೆ.

ಗೋಡೆ ಬಿದ್ದದ್ದು 1989ರ ನವೆಂಬರ್ 9ರಂದು. ಅದರ ಹಿಂದೆ ನಮ್ಮಂಥ ಕೆಲಸದವರು ತಿಳಿದುಕೊಳ್ಳಬೇಕಾದ ಒಂದು ಸ್ವಾರಸ್ಯವಿದೆ. ಪ್ರಯಾಣದ ನಿಯಮ ಸಡಿಲಿಸುವ ಒಂದು ಚೀಟಿಯನ್ನು ಆಳುವ ಪಕ್ಷದ ವಕ್ತಾರ ಶಾಬೋವ್‌ಸ್ಕಿಯ ಕೈಗೆ ಕೊಟ್ಟಿದ್ದರು. ಅದು ಜಾರಿಗೆ ಬರಬೇಕಿದ್ದದ್ದು ಮರುದಿನ, ಅದೂ ಅರ್ಜಿ ಹಾಕಿದವರಿಗೆ. ಪತ್ರಕರ್ತರು ಯಾವಾಗಿನಿಂದ ಎಂದು ಕೇಳಿದರು. ಆತ ಚೀಟಿ ತಿರುಗಿಸಿ ಮುರುಗಿಸಿ ನೋಡಿ, ತನಗೆ ತಿಳಿದ ಮಟ್ಟಿಗೆ ಈಗಿನಿಂದಲೇ ಎಂಬರ್ಥದಲ್ಲಿ ಉತ್ತರಿಸಿದ. ಟೀವಿಯಲ್ಲಿ ಕೇಳಿದ ಜನ ಗೋಡೆಯತ್ತ ಹೊರಟರು. ಕಾವಲಿನವರಿಗೆ ಮೇಲಿನಿಂದ ಸ್ಪಷ್ಟ ಆದೇಶವಿಲ್ಲ, ಎದುರಿಗೆ ಸಾವಿರಾರು ಜನ. ರಾತ್ರಿ ಹನ್ನೊಂದೂವರೆ ಹೊತ್ತಿಗೆ ಒಂದು ಗೇಟು ತೆರೆದುಕೊಂಡಿತು. 28 ವರ್ಷದ ಗೋಡೆ ಹಾಗೆ ಹೋಯಿತು. ಈಗ ಊರ ಮಧ್ಯೆ ರಸ್ತೆಯಲ್ಲಿ ಎರಡು ಸಾಲು ಕಲ್ಲು ಹಾಸಿ ಗೋಡೆ ಇದ್ದ ಜಾಗ ಗುರುತಿಸಿದ್ದಾರೆ. ಅದರ ಮೇಲೆ ಕಾರು, ಸೈಕಲ್ಲು ಓಡಾಡುತ್ತವೆ. ನಮ್ಮ ಮೇಷ್ಟ್ರು ಮನಸ್ಸಿನಲ್ಲಿ ಅಳಿಸಿಕೊಳ್ಳಿ ಎಂದಿದ್ದ ಗೆರೆಯನ್ನು ಅಲ್ಲಿನ ಜನ ಬೇಕೆಂದೇ ಉಳಿಸಿಕೊಂಡಿದ್ದರು.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದದ್ದು. 1933ರ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಅದೇ ವರ್ಷ ಮೇ 10ರಂದು, ಬರ್ಲಿನ್ ವಿಶ್ವವಿದ್ಯಾಲಯದ ಎದುರಿನ ಚೌಕದಲ್ಲಿ ಸುಮಾರು 20,000 ಪುಸ್ತಕ ಸುಟ್ಟರು. ಯಹೂದಿ ಲೇಖಕರವು, ಎಡಪಂಥೀಯರವು, ಯುದ್ಧ ಬೇಡ ಎಂದವರವು. ಸುಟ್ಟವರು ಯಾರು? ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೇ. ಹಾಡು ಹೇಳಿಕೊಂಡು, ಪಂಜು ಹಿಡಿದು ಬಂದಿದ್ದರು. ಮಕ್ಕಳ ಕಥೆಗಳನ್ನು ಬರೆದ ಎರಿಶ್ ಕೆಸ್ಟ್ನರ್ ಗುಂಪಿನಲ್ಲಿ ನಿಂತು ತನ್ನ ಪುಸ್ತಕಗಳು ಸುಡುವುದನ್ನು ತಾನೇ ನೋಡಿದ. ಮಕ್ಕಳೇ, ಓದಿದವರೆಲ್ಲ ಒಳ್ಳೆಯವರಾಗಿರುತ್ತಾರೆ ಎಂದು ನಾವು ಅಂದುಕೊಳ್ಳುತ್ತೇವೆ. ಅಷ್ಟು ಸುಲಭ ಅಲ್ಲ.

ಆ ಚೌಕದಲ್ಲಿ ಈಗ ಎತ್ತರದ ಸ್ಮಾರಕ ಏನೂ ಇಲ್ಲ. ನೆಲದಲ್ಲಿ ಒಂದು ಗಾಜಿನ ಹಲಗೆ. ಬಗ್ಗಿ ನೋಡಿದರೆ ಕೆಳಗೆ ಬಿಳಿ ಕೋಣೆ, ನಾಲ್ಕೂ ಗೋಡೆಗೆ ಪುಸ್ತಕದ ಕಪಾಟು, ಎಲ್ಲ ಖಾಲಿ. ಸುಟ್ಟುಹೋದ 20,000 ಪುಸ್ತಕ ಹಿಡಿಸುವಷ್ಟು ಖಾಲಿ ಕಪಾಟು. ಇಸ್ರೇಲಿನ ಕಲಾವಿದ ಮೀಖಾ ಉಲ್ಮನ್ 1995ರಲ್ಲಿ ಮಾಡಿದ್ದು.

ಅದೇ ವಿಶ್ವವಿದ್ಯಾಲಯದಲ್ಲಿ ನಮ್ಮ ಶಿವಮೊಗ್ಗ ಸೀಮೆಗೆ ಸಂಬಂಧಪಟ್ಟ ಒಬ್ಬರು ಓದಿದ್ದರು, ರಾಮಮನೋಹರ ಲೋಹಿಯಾ. ಉಪ್ಪಿನ ತೆರಿಗೆಯ ವಿಷಯದಲ್ಲಿ ಅಲ್ಲಿ ಪಿಎಚ್.ಡಿ. ಮಾಡಿ 1933ರಲ್ಲಿ ಭಾರತಕ್ಕೆ ಮರಳಿದರು. 1951ರಲ್ಲಿ ಸಾಗರದ ಹತ್ತಿರದ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆದಾಗ ಬಂದು ಬಂಧನಕ್ಕೆ ಒಳಗಾದವರು ಅವರೇ. ಇಲ್ಲಿ ಕೂತಿರುವ ಹಿರಿಯರಲ್ಲಿ ಕೆಲವರ ತಂದೆ, ಅಜ್ಜ ಆ ಕಾಲ ಕಂಡವರು. ಆ ಚೌಕದಲ್ಲಿ ನಿಂತಾಗ ನನಗೆ ಬರ್ಲಿನ್ ಸ್ವಲ್ಪ ಹತ್ತಿರದ ಊರು ಅನ್ನಿಸಿತು.

ಪುಸ್ತಕ ಸುಟ್ಟವರು ಅಲ್ಲಿಗೆ ನಿಲ್ಲಲಿಲ್ಲ. ಯುರೋಪಿನಾದ್ಯಂತ ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದರು. 1933ರಲ್ಲಿ ಬರ್ಲಿನ್ ಒಂದರಲ್ಲೇ ಸುಮಾರು 1,60,000 ಯಹೂದಿಗಳಿದ್ದರು. ಅರ್ಧಕ್ಕಿಂತ ಹೆಚ್ಚು ಜನ ಹೇಗೋ ದೇಶ ಬಿಟ್ಟರು. ಸಿಕ್ಕಿಬಿದ್ದವರಲ್ಲಿ 50,000ಕ್ಕೂ ಹೆಚ್ಚು ಜನ ಸತ್ತರು. ಬ್ರಾಂಡೆನ್‌ಬರ್ಗ್ ದ್ವಾರದಿಂದ ಐದು ನಿಮಿಷ ನಡೆದರೆ ಅವರ ನೆನಪಿನ ಸ್ಮಾರಕ ಸಿಗುತ್ತದೆ. 2005ರಲ್ಲಿ ತೆರೆದದ್ದು. ಬೂದು ಬಣ್ಣದ 2,711 ಕಾಂಕ್ರೀಟ್ ಕಂಬಗಳು, ಆಯತಾಕಾರ, ಏನೂ ಬರೆದಿಲ್ಲ. ಅಂಚಿನಲ್ಲಿ ಮೊಣಕಾಲೆತ್ತರ. ನಡುವೆ ಹೋದಂತೆ ನೆಲ ತಗ್ಗಾಗುತ್ತದೆ, ಕಂಬ ತಲೆಗಿಂತ ಎತ್ತರವಾಗುತ್ತದೆ. ಪಕ್ಕದಲ್ಲಿದ್ದ ನನ್ನ ಹೆಂಡತಿ ಒಂದು ತಿರುವಿನಲ್ಲಿ ಕಾಣೆಯಾದಳು. ಕೂಗಿದರೆ ಸದ್ದು ಎಲ್ಲಿಂದ ಬರುತ್ತದೆಂದು ಗೊತ್ತಾಗುವುದಿಲ್ಲ. ಅಡಿಕೆ ತೋಟದೊಳಗೆ ಮಂಜು ಕವಿದಾಗ ಆಗುವ ಹಾಗೆ.

ಅಲ್ಲಿಂದ ಸ್ವಲ್ಪ ದೂರದಲ್ಲಿ ಹಿಟ್ಲರ್ ಕೊನೆಯುಸಿರೆಳೆದ ನೆಲಮಾಳಿಗೆ ಇದ್ದ ಜಾಗ ಇದೆ. ಏನಿದೆ ಅಲ್ಲಿ ಗೊತ್ತಾ? ಕಾರು ನಿಲ್ಲಿಸುವ ಬಯಲು. ಪಕ್ಕದಲ್ಲಿ ಒಂದು ಮಾಹಿತಿ ಫಲಕ. ಅಷ್ಟೇ. ಅವನ ಹೆಸರಿನಲ್ಲಿ ಯಾರೂ ಹೂವಿಟ್ಟು ಕೈಮುಗಿಯುವಂತಾಗಬಾರದು ಎಂಬ ಎಚ್ಚರ.

ಆದರೆ ನನ್ನನ್ನು ನಿಲ್ಲಿಸಿದ್ದು ಈ ದೊಡ್ಡ ಸ್ಮಾರಕಗಳಿಗಿಂತ ಚಿಕ್ಕದೊಂದು. ನಾವು ಉಳಿದುಕೊಂಡಿದ್ದ ಬೀದಿಯಲ್ಲಿ ಬೆಳಿಗ್ಗೆ ಬ್ರೆಡ್ ತರಲು ಹೋಗುವಾಗ ಕಾಲುದಾರಿಯ ಕಲ್ಲುಗಳ ನಡುವೆ ಏನೋ ಹೊಳೆಯಿತು. ನಾಲ್ಕು ಹಿತ್ತಾಳೆಯ ಚೌಕ, ಒಂದೊಂದೂ ಅಂಗೈಗಿಂತ ಚಿಕ್ಕದು, 10 ಸೆಂಟಿಮೀಟರ್ ಅಗಲ. ಮೇಲೆ ಅಕ್ಷರ ಕೊರೆದಿತ್ತು. ಮೊಬೈಲಿನಲ್ಲಿ ಅನುವಾದ ಮಾಡಿ ಓದಿದೆವು. ‘ಇಲ್ಲಿ ವಾಸವಾಗಿದ್ದರು’ ಎಂದು ಮೊದಲ ಸಾಲು. ಆಮೇಲೆ ಹೆಸರು, ಹುಟ್ಟಿದ ವರ್ಷ, ಹಿಡಿದು ಸಾಗಿಸಿದ ದಿನ, ಕೊಂದ ಜಾಗ. ಅಪ್ಪ, ಅಮ್ಮ, ಇಬ್ಬರು ಮಕ್ಕಳು. ಕಿರಿಯ ಮಗು ಹುಟ್ಟಿದ ವರ್ಷವನ್ನೂ ಸಾಗಿಸಿದ ವರ್ಷವನ್ನೂ ನನ್ನ ಹೆಂಡತಿ ಕಳೆದು ಲೆಕ್ಕ ಹಾಕಿದಳು. “ಆರು ವರ್ಷ. ಒಂದನೇ ಕ್ಲಾಸು” ಅಂದಳು. ಅವರು ಕೊನೆಯ ಸಲ ದಾಟಿದ ಹೊಸ್ತಿಲು ಅಲ್ಲೇ ಎದುರಿಗಿತ್ತು. ಆ ಬಾಗಿಲಿಂದ ಒಬ್ಬ ಹುಡುಗ ಶಾಲೆಯ ಚೀಲ ಹಾಕಿಕೊಂಡು ಹೊರಗೆ ಬಂದ, ಕಲ್ಲುಗಳನ್ನು ದಾಟಿ ಹೋದ.

ಇವಕ್ಕೆ ಜರ್ಮನ್ ಭಾಷೆಯಲ್ಲಿ ಸ್ಟೋಲ್ಪರ್‌ಸ್ಟೈನ್ ಎನ್ನುತ್ತಾರೆ, ಎಡವುವ ಕಲ್ಲು ಎಂದು ಅರ್ಥ. ಗುಂಟರ್ ಡೆಮ್ನಿಗ್ ಎಂಬ ಕಲಾವಿದ 1992ರಲ್ಲಿ ಶುರುಮಾಡಿದ ಕೆಲಸ. ಬರ್ಲಿನ್‌ನಲ್ಲಿ 1996ರಲ್ಲಿ ಮೊದಲ ಕಲ್ಲುಗಳನ್ನು ಹಾಕಿದಾಗ ಅನುಮತಿ ಕೂಡ ಇರಲಿಲ್ಲ. ಇಂದು ಯುರೋಪಿನಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ಕಲ್ಲುಗಳಿವೆ, ಬರ್ಲಿನ್ ಒಂದರಲ್ಲೇ 10,000ಕ್ಕೂ ಹೆಚ್ಚು. ಯಹೂದಿಗಳಿಗೆ ಮಾತ್ರವಲ್ಲ, ಜಿಪ್ಸಿಗಳಾದ ರೋಮಾ ಜನ, ಅಂಗವಿಕಲರು, ಸರ್ಕಾರವನ್ನು ವಿರೋಧಿಸಿ ಸತ್ತವರು ಎಲ್ಲರಿಗೂ ಹಾಕುತ್ತಾರೆ. ಒಬ್ಬರಿಗೆ ಒಂದು ಕಲ್ಲು. ಅಕ್ಷರಗಳನ್ನು ಯಂತ್ರದಲ್ಲಿ ಅಚ್ಚೊತ್ತದೆ ಕೈಯಿಂದ ಒಂದೊಂದಾಗಿ ಬಡಿದು ಮೂಡಿಸುತ್ತಾರೆ. ಎಷ್ಟೋ ಕಡೆ ಶಾಲಾ ಮಕ್ಕಳೇ ಹಳೆಯ ದಾಖಲೆ ಹುಡುಕಿ, ತಮ್ಮ ಬೀದಿಯಲ್ಲಿ ಯಾರಿದ್ದರು ಎಂದು ಪತ್ತೆಮಾಡಿ ಕಲ್ಲು ಹಾಕಿಸಿದ್ದಾರೆ. ವರ್ಷಕ್ಕೆ ಒಂದೆರಡು ಸಲ ಅಕ್ಕಪಕ್ಕದವರು ಬಂದು ಮಂಡಿಯೂರಿ ಕೂತು ಹಿತ್ತಾಳೆ ಉಜ್ಜುತ್ತಾರೆ, ನಾವು ದೀಪದ ಕಂಬ ಉಜ್ಜುವ ಹಾಗೆ.

ಇದನ್ನು ಒಪ್ಪದವರೂ ಇದ್ದಾರೆ. ಸತ್ತವರ ಹೆಸರನ್ನು ತುಳಿದಂತಾಗುತ್ತದೆ ಎಂದು ಮ್ಯೂನಿಕ್‌ನ ಯಹೂದಿ ಸಮುದಾಯದ ಹಿರಿಯರು ವಿರೋಧಿಸಿದರು. ಆ ನಗರದ ಸಾರ್ವಜನಿಕ ರಸ್ತೆಗಳಲ್ಲಿ ಇವಕ್ಕೆ ಅವಕಾಶ ಕೊಟ್ಟಿಲ್ಲ. ಅವರ ನೋವಿಗೆ ಅರ್ಥವಿದೆ. ನಮ್ಮ ಕಡೆಯ ದೇವಸ್ಥಾನಗಳ ಅಂಗಳದಲ್ಲಿ ಭಕ್ತರು ತಾವೇ ಸಾಷ್ಟಾಂಗ ಬಿದ್ದ ಆಕೃತಿಯನ್ನು ನೆಲಗಲ್ಲಿನ ಮೇಲೆ ಕೆತ್ತಿಸಿಕೊಂಡಿರುವುದು ಉಂಟು. ಅದು ಅವರವರ ಇಷ್ಟ. ಇಲ್ಲಿ ಕೇಳಲು ಆ ಜನ ಇಲ್ಲ. ಆದರೂ ಒಂದು ಮಾತು ನಿಜ. ಆ ಹೆಸರು ಓದಬೇಕಾದರೆ ನೀವು ತಲೆ ಬಗ್ಗಿಸಲೇಬೇಕು.

ಕೊನೆಯ ದಿನ ಗ್ರೂನೆವಾಲ್ಡ್ ಎಂಬ ನಿಲ್ದಾಣಕ್ಕೆ ಹೋದೆವು. ಮರಗಳು ತುಂಬಿದ, ಅನುಕೂಲಸ್ಥರ ಬಡಾವಣೆ. ಅಲ್ಲಿನ 17ನೇ ಪ್ಲಾಟ್‌ಫಾರಂನಿಂದ 1941ರ ಅಕ್ಟೋಬರ್ 18ರಂದು ಯಹೂದಿಗಳನ್ನು ತುಂಬಿಕೊಂಡು ಮೊದಲ ರೈಲು ಹೊರಟಿತು. ಈಗ ಅಲ್ಲಿ ರೈಲು ಬರುವುದಿಲ್ಲ. ಹಳಿಯ ನಡುವೆ ಗಿಡ ಬೆಳೆಯಲು ಬಿಟ್ಟಿದ್ದಾರೆ. ಪ್ಲಾಟ್‌ಫಾರಂ ಅಂಚಿನುದ್ದಕ್ಕೂ 186 ಉಕ್ಕಿನ ಫಲಕ. ಒಂದೊಂದರಲ್ಲಿ ತಾರೀಖು, ಎಷ್ಟು ಜನ, ಎಲ್ಲಿಗೆ ಎಂಬುದು ಮಾತ್ರ. ಇದನ್ನು 1998ರಲ್ಲಿ ಮಾಡಿಸಿದ್ದು ಜರ್ಮನಿಯ ರೈಲ್ವೆಯೇ. ಯಾಕೆಂದರೆ ಅಂದು ಸಾಗಿಸಿದ್ದೂ ಆ ದೇಶದ ರೈಲ್ವೆಯೇ. ಸಾಗಿಸಿದ ಜನಕ್ಕೆ ತಲೆಗಿಷ್ಟು, ಕಿಲೋಮೀಟರಿಗಿಷ್ಟು ಎಂದು ಟಿಕೆಟ್ ಲೆಕ್ಕ ಹಾಕಿ ದುಡ್ಡು ವಸೂಲಿ ಮಾಡಿತ್ತು.

ಒಬ್ಬ ಇಂಜಿನಿಯರ್ ಆಗಿ ನನಗೆ ಅಲ್ಲಿ ನಿಲ್ಲಲು ಕಷ್ಟವಾಯಿತು. ಯಾಕೆ ಹೇಳುತ್ತೇನೆ. ಆ ಕೆಲಸ ನಡೆಯಲು ಬಂದೂಕು ಹಿಡಿದವರು ಎಷ್ಟು ಬೇಕಾಗಿದ್ದರೋ, ಪಟ್ಟಿ ಬರೆಯುವವರು, ವೇಳಾಪಟ್ಟಿ ಹಾಕುವವರು, ಬಿಲ್ಲು ಮಾಡುವವರೂ ಅಷ್ಟೇ ಬೇಕಾಗಿದ್ದರು. ನಾನು ದಿನಾ ಮಾಡುವ ಕೆಲಸವೂ ಒಂದು ಲೆಕ್ಕದಲ್ಲಿ ಪಟ್ಟಿಯದ್ದೇ. ಹೆಸರು, ವಿಳಾಸ, ವಯಸ್ಸು ಒಂದು ಕಡೆ ಜೋಡಿಸುವುದು, ಬೇಕಾದಾಗ ಹುಡುಕಿ ಕೊಡುವುದು. ಅಂದಿನ ಪಟ್ಟಿ ಜನರನ್ನು ಮನೆಯಿಂದ ಎಳೆದು ರೈಲಿಗೆ ಹತ್ತಿಸಲು ಬಳಕೆಯಾಯಿತು. ಐವತ್ತು ವರ್ಷದ ಮೇಲೆ ಅದೇ ಪಟ್ಟಿಗಳನ್ನು ದಾಖಲೆ ಕೋಣೆಯಿಂದ ತೆಗೆದು, ಅದೇ ಹೆಸರು, ಅದೇ ವಿಳಾಸ ಹಿಡಿದು ಮನೆ ಮುಂದೆ ಕಲ್ಲು ಹಾಕುತ್ತಿದ್ದಾರೆ. ಪಟ್ಟಿ ಎರಡಕ್ಕೂ ಬರುತ್ತದೆ. ಯಾರ ಕೈಯಲ್ಲಿದೆ, ಯಾತಕ್ಕೆ ಎಂಬುದೇ ವಿಷಯ.

ಈ ತಾರೀಖುಗಳನ್ನು ಗಮನಿಸಿದಿರಾ? ಖಾಲಿ ಕಪಾಟು 1995. ಬರ್ಲಿನ್‌ನ ಮೊದಲ ಹಿತ್ತಾಳೆ ಕಲ್ಲು 1996. ರೈಲ್ವೆ ಪ್ಲಾಟ್‌ಫಾರಂ 1998. ಯುದ್ಧ ಮುಗಿದದ್ದು 1945. ಈ ಹೆಸರುಗಳನ್ನು ನೆಲಕ್ಕೆ ತರಲು ಆ ಊರಿಗೆ ಐವತ್ತು ವರ್ಷ ಹಿಡಿಯಿತು. ಅದಕ್ಕೂ ಮೊದಲು ಕೆಲವು ಸ್ಮಾರಕಗಳಿದ್ದವು, ನಿಜ. ಆದರೆ ಬೀದಿ ಬೀದಿಯಲ್ಲಿ, ಬಾಗಿಲು ಬಾಗಿಲಲ್ಲಿ ಹೆಸರು ಹಿಡಿದು ಹೇಳಲು ಮೊಮ್ಮಕ್ಕಳ ಕಾಲ ಬರಬೇಕಾಯಿತು. ಆಗಲೂ ಕೇಳದೆ ಬಿಟ್ಟಿದ್ದರೆ ಗೊತ್ತಿದ್ದವರು ಒಬ್ಬೊಬ್ಬರಾಗಿ ಹೋಗಿಬಿಡುತ್ತಿದ್ದರು.

ನಮ್ಮ ಶಾಲೆಗೂ ಈಗ ಐವತ್ತು. ಒಂದು ವಿಷಯ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಅಲ್ಲಿ ಆದದ್ದಕ್ಕೂ ನಮ್ಮೂರಿಗೂ ಹೋಲಿಕೆ ಇಲ್ಲ, ಹೋಲಿಸುವುದು ಸತ್ತವರಿಗೆ ಮಾಡುವ ಅವಮಾನ. ನಾನು ಅಲ್ಲಿಂದ ತಂದದ್ದು ಒಂದು ರೂಢಿಯನ್ನು ಮಾತ್ರ. ಇದ್ದವರ ಹೆಸರನ್ನು ಒಬ್ಬೊಬ್ಬರದಾಗಿ, ಅವರು ಇದ್ದ ಜಾಗದಲ್ಲೇ ಬರೆದಿಡುವ ರೂಢಿ. ನಮಗೆ ಇದು ಹೊಸದೂ ಅಲ್ಲ. ನಮ್ಮ ಸುತ್ತಮುತ್ತಲ ಊರುಗಳ ಕೆರೆ ಏರಿಯಲ್ಲಿ, ಗದ್ದೆ ಬದುವಿನಲ್ಲಿ ವೀರಗಲ್ಲುಗಳಿವೆ. ಹಸು ಬಿಡಿಸಲು ಹೋಗಿ ಸತ್ತವನೊಬ್ಬನ ಹೆಸರು ಎಂಟುನೂರು, ಸಾವಿರ ವರ್ಷದ ಮೇಲೂ ಕಲ್ಲಿನಲ್ಲಿ ಉಳಿದಿದೆ. ಅವನು ರಾಜನಾಗಿರಲಿಲ್ಲ, ಊರಿನವನಾಗಿದ್ದ.

ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಒಂದು ಫಲಕ ಇದೆ. ಎಸ್ಸೆಸ್ಸೆಲ್ಸಿಯಲ್ಲಿ ವರ್ಷವರ್ಷ ಮೊದಲು ಬಂದವರ ಹೆಸರು, ಅಂಕ. ಅದು ಇರಲಿ, ಮಕ್ಕಳಿಗೆ ಹುಮ್ಮಸ್ಸು ಬರುತ್ತದೆ. ಆದರೆ ನಮ್ಮ ತರಗತಿ ಅಂದರೆ ಆ ಫಲಕದ ಒಂದು ಸಾಲು ಅಲ್ಲ. ನಾವು ಎಂಟನೇ ತರಗತಿಗೆ ಸೇರಿದಾಗ ಕೂರಲು ಜಾಗ ಸಾಲದೆ ಕೆಲವರು ನೆಲದಲ್ಲಿ ಕೂರುತ್ತಿದ್ದರು. ಹತ್ತಕ್ಕೆ ಬರುವ ಹೊತ್ತಿಗೆ ಹಿಂದಿನ ಎರಡು ಬೆಂಚು ಖಾಲಿ ಇತ್ತು. ಹಳ್ಳದ ಆಚೆಯಿಂದ ಬರುತ್ತಿದ್ದವರಿಗೆ ಆಷಾಢದಲ್ಲಿ ಸಂಕ ಕೊಚ್ಚಿಹೋದರೆ ದಾರಿ ಇರಲಿಲ್ಲ. ಒಬ್ಬಳಿಗೆ ಮದುವೆಯಾಯಿತು. ಒಬ್ಬನ ಅಪ್ಪ ತೀರಿಕೊಂಡರು, ಅವನು ಅಡಿಕೆ ಸುಲಿಯಲು ಹೋದ, ಆಮೇಲೆ ಹೋಟೆಲ್ ಕೆಲಸಕ್ಕೆ ಊರು ಬಿಟ್ಟ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ‘ದೀರ್ಘ ಗೈರು, ಹೆಸರು ತೆಗೆದಿದೆ’ ಎಂದು ಬರೆದರು. ಅದು ಆಗಿನ ನಿಯಮ, ಮೇಷ್ಟ್ರುಗಳು ಏನು ಮಾಡಲು ಸಾಧ್ಯ? ಮನೆಗಳಿಗೆ ಹೋಗಿ ಕರೆದು ಕರೆದು ಸೋತ ಮೇಷ್ಟ್ರುಗಳನ್ನೂ ನಾವು ನೋಡಿದ್ದೇವೆ.

ಹಾಗಾಗಿ ನನ್ನ ಕೋರಿಕೆ ಇಷ್ಟು. ಹೆಸರು ತೆಗೆದಿದೆ ಎಂಬ ಆ ಷರಾವನ್ನು ಐವತ್ತನೇ ವರ್ಷದಲ್ಲಿ ನಾವು ದಾಟೋಣ. ಈ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮೊದಲ ದಿನದಿಂದ ಇವತ್ತಿನವರೆಗೆ ಹೆಸರು ಬರೆಸಿದ ಪ್ರತಿಯೊಬ್ಬರ ಪಟ್ಟಿ ಮಾಡೋಣ. ಪಾಸಾದವರು, ಫೇಲಾದವರು, ಅರ್ಧಕ್ಕೆ ಬಿಟ್ಟವರು ಎಂಬ ವಿಂಗಡಣೆ ಬೇಡ. ಯಾಕೆ ಬಿಟ್ಟರು ಎಂದೂ ಬರೆಯುವುದು ಬೇಡ, ಅದು ಅವರ ಮನೆಯ ಮಾತು. ಹೆಸರು, ಊರು, ಸೇರಿದ ವರ್ಷ ಸಾಕು. ಯಾರಿಗಾದರೂ ಬೇಡ ಅನ್ನಿಸಿದರೆ ಅವರ ಹೆಸರು ಬಿಡೋಣ. ಅದರ ಜೊತೆಗೇ ಜಾಗ ಕೊಟ್ಟವರು, ಮೊದಲ ಕೊಠಡಿಗೆ ಕಲ್ಲು ಹೊತ್ತವರು, ರೈಲು ಪಟ್ಟಿಯ ಗಂಟೆ ಬಾರಿಸಿದ ಜವಾನರು, ಬಿಸಿಯೂಟ ಮಾಡಿ ಬಡಿಸಿದ ಅಕ್ಕಂದಿರು ಎಲ್ಲರ ಹೆಸರೂ ಬರಲಿ.

ಕೆಲಸ ಕಷ್ಟವೇನಲ್ಲ, ಆದರೆ ತಡ ಮಾಡುವಂತಿಲ್ಲ. ಹಳೆಯ ಪುಸ್ತಕಗಳ ಅಂಚನ್ನು ಗೆದ್ದಲು ತಿನ್ನುತ್ತಿದೆ, ಕೆಲವು ಪುಟದಲ್ಲಿ ಶಾಯಿ ಹರಡಿಕೊಂಡಿದೆ. ಮುಖ್ಯೋಪಾಧ್ಯಾಯರು ಅನುಮತಿ ಕೊಟ್ಟರೆ, ಬರುವ ಬೇಸಿಗೆ ರಜೆಯಲ್ಲಿ ನಾನು ಮತ್ತು ನನ್ನ ಬ್ಯಾಚಿನ ನಾಲ್ಕು ಜನ ಒಂದು ವಾರ ಬಂದು ಇಲ್ಲೇ ಕೂತು ಪ್ರತಿ ಪುಟದ ಫೋಟೋ ತೆಗೆದು ಕಂಪ್ಯೂಟರಿಗೆ ಏರಿಸುತ್ತೇವೆ. ಪುಸ್ತಕ ಶಾಲೆಯ ಬೀರು ಬಿಟ್ಟು ಎಲ್ಲೂ ಹೋಗುವುದಿಲ್ಲ. ಅಳಿಸಿದ ಜಾಗದಲ್ಲಿ ಯಾರ ಹೆಸರಿತ್ತು ಎಂದು ಹೇಳಲು ಮಾತ್ರ ಕಂಪ್ಯೂಟರಿಗೆ ಬರುವುದಿಲ್ಲ. ಅದಕ್ಕೆ ನಿವೃತ್ತ ಮೇಷ್ಟ್ರುಗಳು, ಮೇಡಂಗಳು, ಊರಿನ ಹಿರಿಯರು ಬೇಕು. ಒಂಬತ್ತನೇ ತರಗತಿಯ ಮಕ್ಕಳು ಪುಸ್ತಕ ಹಿಡಿದುಕೊಂಡು ನಿಮ್ಮ ಮನೆ ಜಗಲಿಗೆ ಬರುತ್ತಾರೆ. ದಯವಿಟ್ಟು ಕೂರಿಸಿಕೊಂಡು ಹೇಳಿ.

ಅರ್ಧಕ್ಕೆ ಶಾಲೆ ಬಿಟ್ಟವರಲ್ಲಿ ಕೆಲವರ ಮಕ್ಕಳು ಇವತ್ತು ಇದೇ ಜಮಖಾನದ ಮೇಲೆ ಕೂತಿದ್ದಾರೆ. ಪಟ್ಟಿ ಮುಗಿದ ದಿನ ಅವರು ತಮ್ಮ ಅಪ್ಪನ ಹೆಸರನ್ನೋ ಅಮ್ಮನ ಹೆಸರನ್ನೋ ಅದರಲ್ಲಿ ಹುಡುಕಿ ಓದಲಿ ಎಂಬುದು ನನ್ನ ಆಸೆ. ಪಟ್ಟಿಯನ್ನು ಎಲ್ಲಿ ಹಾಕಬೇಕು, ಗೋಡೆಗೋ, ಕಲ್ಲಿಗೋ, ಪುಸ್ತಕದಲ್ಲೋ ಎಂಬುದನ್ನು ಸಮಿತಿಯವರು, ಊರಿನವರು ಕೂತು ತೀರ್ಮಾನಿಸಿ. ಖರ್ಚಿನಲ್ಲಿ ನಮ್ಮ ಬ್ಯಾಚಿನ ಪಾಲು ಇದ್ದೇ ಇರುತ್ತದೆ.

ಊಟಕ್ಕೆ ಮೊದಲು ದಾಖಲಾತಿ ಕೆಲಸಕ್ಕೆ ಬರುವವರ ಹೆಸರು ಬರೆದುಕೊಳ್ಳಲು ಕಚೇರಿಯ ಮುಂದಿನ ಮೇಜಿನಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ದಯಮಾಡಿ ಬನ್ನಿ.